ಆರೋಗ್ಯಮ್ಮನವರ ಹೇಳಿಕೆ

ಈ ಸಲದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಹನೂರಿನ ಕೇಂದ್ರಕ್ಕೆ ಹಾಕಿದ್ದರು. ಮೊದಲ ದಿನ ಸ್ವಲ್ಪ ಬೇಗನೇ ಹೋದೆ. ಆಯಾ ಕೊಠಡಿಗೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಳು. ಹೊರಗೆ ಅಂಗಳದಲ್ಲಿ ಗುಡಿಸಿ ಗುಡ್ಡೆ ಮಾಡಿದ್ದ ಬೇವಿನ ತರಗೆಲೆಗೆ ಯಾರೋ ಬೆಂಕಿ ಇಟ್ಟಿದ್ದರು. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಾನು ಕಿಟಕಿಯ ಕಂಬಿ ಹಿಡಿದುಕೊಂಡು ನಿಂತುಬಿಟ್ಟೆ.

"ಯಾಕ್ರೀ ಮೇಡಂ, ಬಿಪಿನಾ?" ಎಂದಳು ಆಯಾ.

ಇಲ್ಲ ಎಂದೆ. ಅದು ಸಾಯುವವರ ಮನೆಯ ವಾಸನೆ ಎಂದು ಅವಳಿಗೆ ಹೇಗೆ ಹೇಳುವುದು? ಆ ಮನೆ ಇದ್ದದ್ದು ಅಲ್ಲಿಂದ ಮೂರೇ ಮೈಲಿ ದೂರದಲ್ಲಿ, ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ. ನಾನು ಅಲ್ಲಿ ಒಂದು ವರ್ಷಕ್ಕೆ ಸ್ವಲ್ಪ ಕಡಿಮೆ ಇದ್ದೆ. ಆ ವರ್ಷದ ಬಗ್ಗೆ ಇದುವರೆಗೆ ಯಾರಿಗೂ ಹೇಳಿಲ್ಲ.

ನಾನು ಮುಳ್ಳೂರಿನವಳು. ಬಿ.ಎಡ್. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಕೊಳ್ಳೇಗಾಲದ ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ಮೇಷ್ಟ್ರು ಒಂದು ದಿನ ಹೇಳಿ ಕಳಿಸಿದರು. ಹನೂರಿನ ಹತ್ತಿರ ಸಿಸ್ಟರುಗಳ ಒಂದು ಸಣ್ಣ ಮಠವಿದೆ, ಅದನ್ನು ಕಟ್ಟಿದ ಮದರ್‌ಗೆ ಕಣ್ಣು ಹೋಗಿದೆ, ಅವರು ಹೇಳಿದ್ದನ್ನು ಒಳ್ಳೆಯ ಕನ್ನಡದಲ್ಲಿ ಬರೆದುಕೊಡುವವರು ಬೇಕಂತೆ, ನಿನ್ನ ಅಕ್ಷರ ಚೆನ್ನಾಗಿದೆ, ಹೋಗು ಎಂದರು. ಅಪ್ಪ ಮುಖ ಸಿಂಡರಿಸಿದರು. "ಲಿಂಗ ಕಟ್ಟಿರೋ ಮನೆ ಮಗ್ಳಿಗೆ ಅಲ್ಲೇನ್ ಕೆಲ್ಸ?" ಎಂದರು. ಅವ್ವ ಮಾತ್ರ, "ಬರೆಯೋ ಕೆಲ್ಸ ಅಲ್ವಾ, ಓಗ್ಲಿ ಬುಡಿ. ಇಲ್ ಕೂತು ಏನ್ ಮಾಡಾಳು?" ಎಂದಳು.

ಆಷಾಢದ ಗಾಳಿ ಜೋರಾಗಿದ್ದ ದಿನ ಬಸ್ಸಿಳಿದೆ. ಮಣ್ಣು ಕಣ್ಣಿಗೆ ಹೊಡೆಯುತ್ತಿತ್ತು. ಉದ್ದನೆಯ ಹೆಂಚಿನ ಮನೆ, ಪಕ್ಕದಲ್ಲಿ ಪ್ರಾರ್ಥನೆಗೆ ಒಂದು ಪುಟ್ಟ ಚಾಪೆಲ್ಲು, ಹಿಂದೆ ಸಾಲಾಗಿ ಬೇವಿನ ಮರಗಳು. ಒಳಗೆ ಹನ್ನೊಂದು ಮಂಚಗಳಿದ್ದವು. ಯಾವ ಆಸ್ಪತ್ರೆಯೂ ಇಟ್ಟುಕೊಳ್ಳದ, ಯಾವ ಮನೆಯವರೂ ಕರೆದುಕೊಂಡು ಹೋಗದ ಜನ ಅವುಗಳ ಮೇಲೆ ಮಲಗಿದ್ದರು. ಒಬ್ಬ ಮುದುಕನ ಮಂಚದ ಬಳಿ ಬೂದಿ ಬಣ್ಣದ ಒರಟು ಸೀರೆಯ ಹಣ್ಣು ಹಣ್ಣಾದ ಹೆಂಗಸೊಬ್ಬರು ಅವನ ಕಾಲಿನ ಹರಡು ಹಿಡಿದುಕೊಂಡು ಕೂತಿದ್ದರು. ಅವರೇ ಮದರ್ ಆರೋಗ್ಯಮ್ಮ.

"ಯಾರಮ್ಮಾ ಅದು?"

"ಬರೆಯೋಕೆ ಬಂದಿದ್ದೀನಿ ಮದರ್. ಗೌರಿ ಅಂತ."

"ಉಕ್ಕಾರಮ್ಮಾ," ಎಂದರು ತಮಿಳಿನಲ್ಲಿ. ಆಮೇಲೆ ನೆನಪಾದವರಂತೆ, "ಕೂತ್ಕವ್ವಾ. ಈ ಅಪ್ಪಂದು ಮುಗೀಲಿ, ಆಮೇಕೆ ಮಾತಾಡವ," ಎಂದರು.

ಆ ಅಪ್ಪನದು ಮುಗಿದದ್ದು ಮಾರನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೂ ಅವರು ಅಥವಾ ಇನ್ನೊಬ್ಬ ಸಿಸ್ಟರ್ ಅವನ ಪಕ್ಕದಲ್ಲಿ ಕೂತೇ ಇದ್ದರು. ಅವರು ಕಟ್ಟಿದ ಸಭೆಗೆ 'ಸಂಗಡದ ಸಹೋದರಿಯರು' ಎಂದು ಹೆಸರು. ಅವರ ನಿಯಮ ಒಂದೇ: ಸಾಯುವ ಮನುಷ್ಯ ಒಬ್ಬನೇ ಇರಬಾರದು. ಅವನನ್ನು ಮಾತಾಡಿಸಬೇಕಿಲ್ಲ, ಮತಕ್ಕೆ ಸೇರಿಸಬೇಕಿಲ್ಲ. ಪಕ್ಕದಲ್ಲಿ ಕೂತರೆ ಸಾಕು. ಸುತ್ತಲಿನ ಹಳ್ಳಿಯವರು ಮಾತ್ರ ಅದನ್ನು ಸಾಯೋರ ಮನೆ ಎಂದೇ ಕರೆಯುತ್ತಿದ್ದರು.

ಒಂದು ಕಾಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಿಸ್ಟರುಗಳಿದ್ದರಂತೆ. ನಾನು ಹೋಗುವ ಹೊತ್ತಿಗೆ ನಾಲ್ವರು ಉಳಿದಿದ್ದರು. ಅವರಲ್ಲಿ ಇಬ್ಬರಿಗೆ ಮಂಡಿ ಬಗ್ಗುತ್ತಿರಲಿಲ್ಲ. ಇಡೀ ಮನೆಯನ್ನು ಎತ್ತಿ ಹಿಡಿದಿದ್ದವರು ಸಿಸ್ಟರ್ ಲೂರ್ದಮ್ಮ. ಐವತ್ತೈದು ದಾಟಿದ ಗಟ್ಟಿ ಹೆಂಗಸು. ಹನೂರಿನ ಕಡೆಯವರೇ. ಮಲಮೂತ್ರದ ಬಟ್ಟೆ ಕುದಿಸುತ್ತ, ಕೋಲಿನಿಂದ ತಿರುವುತ್ತ, ನನಗೆ ವಿಷಯ ಬಿಡಿಸಿ ಹೇಳಿದರು. ಇಷ್ಟು ಸಣ್ಣ ಸಭೆಯನ್ನು ಉಳಿಸುವುದೋ, ದೊಡ್ಡ ಸಭೆಯೊಂದರ ಜೊತೆ ಸೇರಿಸುವುದೋ ಎಂದು ಮೇಲಿನವರು ಯೋಚಿಸುತ್ತಿದ್ದರು. ಅದಕ್ಕೆ ಮೊದಲು, ಈ ಸಭೆ ಹುಟ್ಟಿದ್ದು ಹೇಗೆ ಎಂದು ಮದರ್ ಬಾಯಿಂದಲೇ ಹೇಳಿಕೆ ಬರೆಸಿ ಕಳಿಸಬೇಕು ಎಂದಿದ್ದರು.

"ಸೇರುಸ್ಬುಟ್ರೆ ಏನಾಗುತ್ತೆ ಸಿಸ್ಟರ್?"

"ನಮ್ಮುನ್ನ ಎಲ್ಲಾದ್ರೂ ಹಾಕ್ತಾರೆ ಬುಡು. ಇವ್ರುನ್ನ ಯಾರ್ ಇಟ್ಕತರೆ?" ಎಂದು ಲೂರ್ದಮ್ಮ ಮಂಚಗಳ ಕಡೆ ಕೋಲು ತೋರಿಸಿದರು.

ಅವರು ತೋರಿಸಿದ ಕಡೆ ಕಿಟಕಿಯ ಪಕ್ಕದ ಮಂಚದಲ್ಲಿ ಯಳಂದೂರು ಕಡೆಯ ಮಾದಮ್ಮ ಇದ್ದಳು. ತಲೆಯಲ್ಲಿ ನೆನಪು ಉಳಿದಿರಲಿಲ್ಲ. ಊರಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದೇನೆ ಎಂದುಕೊಂಡು ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಹಾದುಹೋದವರನ್ನೆಲ್ಲ, "ಯಳಂದೂರ್ ಬಸ್ ಬಂತಾ?" ಎಂದು ಕೇಳುತ್ತಿದ್ದಳು. ಯಾರೂ ಇಲ್ಲ ಎನ್ನುತ್ತಿರಲಿಲ್ಲ. "ಬತ್ತದೆ ಕಣವ್ವಾ, ಬತ್ತದೆ," ಎನ್ನುತ್ತಿದ್ದರು.

ಶ್ರಾವಣ, ಭಾದ್ರಪದ ಎರಡೂ ಬರೆಯುವುದರಲ್ಲೇ ಕಳೆದವು. ಮದರ್ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂರುತ್ತಿದ್ದರು. ಅವರ ಮಾತು ತಮಿಳಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಅವರ ಅಪ್ಪ ಅವ್ವ ಗಡಿಯಾಚೆಯಿಂದ ಕೂಲಿಗೆ ಬಂದವರು. ನಾಟಿ ಎಲ್ಲಿದ್ದರೆ ಅಲ್ಲಿ ಇವರ ಒಲೆ. ಮೊದಲ ರೋಗಿಯನ್ನು ಮದರ್ ಪಾಳುಬಿದ್ದ ಒಂದು ಕುರಿದೊಡ್ಡಿಯಲ್ಲಿ ಮಲಗಿಸಿದ್ದರು. ಊರ ಪಾದ್ರಿಗಳು ಬಂದು ಬೈದರು. ಜಾಗ ಬೇಕೆಂದು ಮದರ್ ಆಗಿನ ಬಿಷಪ್ಪರ ಗೇಟಿನ ಮುಂದೆ ಎರಡು ದಿನ ಕೂತರು. ಅಪ್ಪ ಬಂದು ಕೂದಲು ಹಿಡಿದು ಎಳೆದರೂ ಏಳಲಿಲ್ಲ. ಇದನ್ನೆಲ್ಲ ಅವರು ಯಾರದೋ ಮನೆಯ ಕತೆಯಂತೆ, ಕೆಲವೊಮ್ಮೆ ನಗುತ್ತ ಹೇಳುತ್ತಿದ್ದರು.

ಅವರು ದರ್ಶನ ಕಾಣುತ್ತಾರೆ ಎಂದು ಜನ ನಂಬಿದ್ದರು. ಮಗನ ಕೆಲಸಕ್ಕೆ, ಮಗಳ ಮದುವೆಗೆ ಭವಿಷ್ಯ ಕೇಳಲು ಬಂದವರನ್ನು ಅವರು ಗದರಿ ಕಳಿಸುತ್ತಿದ್ದರು. ಆದರೆ ನಾನೇ ಒಂದು ದಿನ ನೋಡಿದೆ. ಮಧ್ಯಾಹ್ನದ ಊಟಕ್ಕೆ ಕರೆಯಲು ಚಾಪೆಲ್ಲಿಗೆ ಹೋದಾಗ ಅವರು ನೆಲದ ಮೇಲೆ ಕೂತಿದ್ದರು. ಮೂರು ಸಲ ಕರೆದೆ. ಭುಜ ಮುಟ್ಟಿದೆ. ರೆಪ್ಪೆ ಕೂಡ ಅಲುಗಲಿಲ್ಲ. ಹೆದರಿ ಲೂರ್ದಮ್ಮನವರನ್ನು ಕರೆದುಕೊಂಡು ಬಂದರೆ ಅವರು, "ಬುಡು, ಅಮ್ಮ ಓಗವ್ರೆ. ಬತ್ತರೆ," ಎಂದು ತಮ್ಮ ಕೆಲಸಕ್ಕೆ ಹೋದರು. ಸಂಜೆಯ ಬಿಸಿಲು ಬಾಗಿಲಿಗೆ ಬಂದಾಗ ಮದರ್ ಉಸಿರೆಳೆದುಕೊಂಡರು. ನಾನು ಅಲ್ಲೇ ಕೂತಿದ್ದೆ.

"ಏನ್ ಕಂಡ್ರಿ ಮದರ್?"

"ಏನೂ ಇಲ್ಲ ಕಣವ್ವಾ. ಕತ್ಲೆ." ನೆಲಕ್ಕೆ ಕೈಯೂರಿ ಏಳುತ್ತ ಹೇಳಿದರು: "ಮೊದ್ಮೊದ್ಲು ಯಾರೋ ಅವ್ರೆ ಅನ್ಸದು. ಈಗ ವರ್ಷಾನುಗಟ್ಲೆ ಆಯ್ತು, ಬರೀ ಕತ್ಲೆ. ಅದ್ರ ಪಕ್ದಲ್ಲೂ ಕೂರ್ಬೇಕಲ್ಲ, ಕೂರ್ತೀನಿ."

ನನಗೆ ಅದನ್ನು ಬರೆದುಕೊಳ್ಳುವ ಧೈರ್ಯ ಬರಲಿಲ್ಲ.

ಹೇಳಿಕೆಯಲ್ಲಿ ಉಳಿದದ್ದು ಒಂದೇ ಭಾಗ. ಅದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಚಾಪೆಲ್ಲಿನ ಗೋಡೆಯ ಮೇಲೆ ಕೊಳ್ಳೇಗಾಲದ ಬೋರ್ಡು ಬರೆಯುವ ಪೇಂಟರೊಬ್ಬ ಅದರ ಚಿತ್ರವನ್ನೂ ಬರೆದಿದ್ದ. ಇಪ್ಪತ್ತರ ಹುಡುಗಿ ಆರೋಗ್ಯಮ್ಮ ಸತ್ತೇಗಾಲದಲ್ಲಿ ನಾಟಿ ಕೆಲಸಕ್ಕೆ ಹೋಗಿದ್ದಾಗ ಕಾಲುವೆ ಏರಿಯ ಮೇಲೆ ಒಬ್ಬ ಮುದುಕ ಬಿದ್ದಿರುತ್ತಾನೆ. ನೀರು ಕುಡಿಸಲು ಬಗ್ಗಿದಾಗ 'ನನ್ನನ್ನು ಬಿಟ್ಟು ಹೋಗಬೇಡ' ಎಂದು ಸಾಕ್ಷಾತ್ ಯೇಸುಸ್ವಾಮಿಯ ಧ್ವನಿ ಕೇಳಿಸುತ್ತದೆ. ಅವನು ಅವಳ ಮಡಿಲಲ್ಲೇ ಪ್ರಾಣ ಬಿಡುತ್ತಾನೆ. ಆ ಕರೆಯಿಂದ ಸಭೆ ಹುಟ್ಟಿತು. ಚಿತ್ರದಲ್ಲಿ ಗದ್ದೆ ಕಡು ಹಸಿರು, ಮುದುಕನ ತಲೆಯ ಸುತ್ತ ಹಳದಿ ಬೆಳಕು.

ಈ ಭಾಗಕ್ಕೆ ಬಂದಾಗ ಮದರ್ ನಿಂತುಬಿಟ್ಟರು. ಇವತ್ತು ಬೇಡ, ನಾಳೆ ಎನ್ನುತ್ತ ನಾಲ್ಕು ದಿನ ತಳ್ಳಿದರು. ಕಾರ್ತೀಕದ ಮಳೆ ಹಿಡಿದಿತ್ತು. ಕೊಯ್ದ ರಾಗಿ ನೆನೆಯುತ್ತದೆಂದು ಅಕ್ಕಪಕ್ಕದ ಹೊಲದವರು ಟಾರ್ಪಾಲು ಹೊತ್ತು ಓಡುತ್ತಿದ್ದರು. ನಾವು ಜಗುಲಿಯಲ್ಲಿ ಕೂತಿದ್ದೆವು.

"ಎಲ್ಲಾರ್ಗೂ ಯೋಳಿರಂಗೆ ಬರ್ಕತೀಯಾ, ಇಲ್ಲ ನಡ್ದಂಗೆ ಬರ್ಕತೀಯಾ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

"ನಡೆದಂಗೇ ಹೇಳಿ ಮದರ್."

"ಮುದ್ಕ ಬಿದ್ದಿದ್ದ, ನಿಜ. ನೀರ್ ಕುಡುಸ್ದೆ, ಅದೂ ನಿಜ. ನನ್ ಸೆರಗ ಹಿಡ್ಕಂಡು 'ಬುಟ್ಟು ಓಗ್ಬ್ಯಾಡ ಮಗಾ' ಅಂದ. ಅತ್ಲಾಗೆ ಗದ್ದೇಲಿ ಮೇಸ್ತ್ರಿ ಕೂಗ್ತಿದ್ದ. ನಾನು ಸೆರಗು ಬುಡುಸ್ಕಂಡು ಓಗ್ಬುಟ್ಟೆ."

ಮಳೆಯ ಸದ್ದಿನಲ್ಲಿ ತಪ್ಪಾಗಿ ಕೇಳಿತೇನೋ ಎಂದುಕೊಂಡೆ.

"ಓಗ್ಬುಟ್ಟೆ ಕಣವ್ವಾ. ಸಂಜೆ ಬಂದ್ ನೋಡುದ್ರೆ ಇರ್ವೆ ಮುತ್ಕಂಡಿದ್ವು. ಅವತ್ತಿಂದ ದಿನಾ ಅದೇ ಮಾತು ಕಿವೀಲಿ. ಉಣ್ಣಕ್ ಕೂತ್ರೆ ಅದೇ, ಪೂಜೇಲಿ ಕೂತ್ರೆ ಅದೇ. ಸ್ವಾಮಿ ಕರೀತಾವ್ನೆ ಅಂದ್ಕಂಡೆ. ಬಿಷಪ್ಪರು ಕೇಳ್ದಾಗ್ಲೂ ಸ್ವಾಮಿದು ಅಂದೆ. ಮುದ್ಕಂದು ಅಂದಿದ್ರೆ ಯಾರು ಜಾಗ ಕೊಟ್ಟಾರು? ಸ್ವಾಮಿದೋ ಮುದ್ಕಂದೋ ನನ್ಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಬರ್ಕ."

ಹಾಗೆಯೇ ಬರೆದುಕೊಂಡೆ.

ಆ ಹಾಳೆಗಳನ್ನು ಮೊದಲು ಓದಿದವರು ಲೂರ್ದಮ್ಮ. ಅಡಿಗೆಮನೆಯಲ್ಲಿ, ನಿಂತುಕೊಂಡೇ ಓದಿದರು. ಓದಿ ಮುಗಿಸಿ ಒಲೆಯ ಮುಂದೆ ಕೂತರು. ಹದಿನೇಳನೇ ವಯಸ್ಸಿನಲ್ಲಿ ಆ ಗೋಡೆಯ ಚಿತ್ರ ನೋಡಿಯೇ ಅವರು ಈ ಮನೆಗೆ ಸೇರಿದ್ದು.

"ಇದ ಕಳ್ಸುದ್ರೆ ಬೀಗ ಹಾಕ್ತರೆ ಗೌರವ್ವ," ಎಂದರು. "ಅಮ್ಮಂಗೆ ವಯಸ್ಸಾಯ್ತು. ಏನೋ ಯೋಳ್ತರೆ. ನೀನು ಗೋಡೆ ಮ್ಯಾಲ್ ಇರದ್ನ ಬರಿ."

"ಅವರು ಓದಿಸಿ ಕೇಳ್ತಾರೆ ಸಿಸ್ಟರ್."

"ಓದಕ್ಕೆ ಇದೇ ಇರ್ಲಿ. ಬೆರಳು ಒತ್ಸಕ್ಕೆ ಬ್ಯಾರೆ ಬರಿ." ನನ್ನ ಎರಡೂ ಕೈ ಹಿಡಿದುಕೊಂಡರು. ಬಟ್ಟೆ ಕುದಿಸುವ ಸೋಡಾ ನೀರಿನಲ್ಲಿ ಬೆಂದ ಅಂಗೈ, ಚರ್ಮ ಸುಲಿದಿತ್ತು. "ನಿನ್ ಕಾಲಿಗ್ ಬೀಳ್ತೀನಿ. ಮಾದಮ್ಮುನ್ ಮೊಕ ನೋಡು."

ನನಗಿಂತ ಮೂವತ್ತು ವರ್ಷ ದೊಡ್ಡವರು ನಿಜವಾಗಿಯೂ ಬಗ್ಗಿದರು. ನಾನು ಬರೆದೆ. ಲೂರ್ದಮ್ಮ ಕೇಳಿದ್ದಕ್ಕಿಂತ ಚೆನ್ನಾಗಿಯೇ ಬರೆದೆ. ಬಿ.ಎ.ಯಲ್ಲಿ ಕಲಿತ ಕನ್ನಡವನ್ನೆಲ್ಲ ಅದಕ್ಕೆ ಸುರಿದೆ. 'ಆ ಧ್ವನಿ ಪ್ರಭುವಿನದೇ ಎಂಬುದರಲ್ಲಿ ನನಗೆ ಎಂದಿಗೂ ಸಂಶಯವಿಲ್ಲ' ಎಂಬ ವಾಕ್ಯ ನನ್ನದೇ. ಅವತ್ತು ಅದನ್ನು ಬರೆದು ಒಳಗೊಳಗೇ ಹೆಮ್ಮೆಪಟ್ಟಿದ್ದೆ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಮಾರನೆಯ ದಿನ ಮದರ್ ಎದುರಿಗೆ ಕೂತು ಮೊದಲಿನ ಹಾಳೆಗಳನ್ನು ಓದಿದೆ. ಅವರು ತಲೆಯಾಡಿಸಿದರು. ನಂತರ ಅವನ್ನು ಬೆಂಚಿನ ಮೇಲಿಟ್ಟು, ಪುಸ್ತಕದ ಕೆಳಗಿದ್ದ ಬೇರೆ ಹಾಳೆ ತೆಗೆದು, ಅವರ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದೆ. ಲೂರ್ದಮ್ಮ ಬಾಗಿಲಲ್ಲಿ ನಿಂತಿದ್ದರು. ಮದರ್ ಬೆರಳನ್ನು ಸೀರೆಗೆ ಒರೆಸಿಕೊಂಡು, "ಆಯ್ತಾ?" ಎಂದರು. ಆಯ್ತು ಎಂದೆ.

ಪುಷ್ಯಮಾಸದ ಚಳಿಯಲ್ಲಿ ವಿಚಾರಣೆಗೆ ಒಬ್ಬರು ಫಾದರ್ ಬಂದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಯಾರೂ ಬರುತ್ತಾರೆಂದು ನಾವು ನಿರೀಕ್ಷಿಸಿರಲಿಲ್ಲ. ಕಾಗದ ಸಾಕಾಗುತ್ತದೆ ಎಂದುಕೊಂಡಿದ್ದೆವು. ಚಾಪೆಲ್ಲಿನಲ್ಲಿ ಮದರ್‌ಗೆ ಕುರ್ಚಿ ಹಾಕಿಸಿ, ಎದುರಿಗೆ ತಾವೂ ಕೂತು, ನನ್ನ ಅಕ್ಷರದಲ್ಲಿದ್ದ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಲೂರ್ದಮ್ಮ, ನಾನು ಹಿಂದಿನ ಬೆಂಚಿನಲ್ಲಿ. ನನ್ನ ಆ ವಾಕ್ಯ ಬಂದಾಗ ಫಾದರ್ ಸ್ವಲ್ಪ ನಿಲ್ಲಿಸಿದರು.

"ಇದು ನೀವು ಹೇಳಿದ್ದೇ ತಾನೇ ಮದರ್?"

"ಬೆರಳು ನಂದೇ."

"ಮಾತು?"

ಮಂಚಗಳಿದ್ದ ಕಡೆಯಿಂದ ಯಾರೋ ಕೆಮ್ಮುವುದು ಕೇಳುತ್ತಿತ್ತು. ಹೌದು ಎನ್ನಲಿ, ಹೌದು ಎನ್ನಲಿ ಎಂದು ನಾನು ಲಿಂಗ ಹಿಡಿದುಕೊಂಡು ಬೇಡುತ್ತಿದ್ದೆ.

"ಇಲ್ಲ ಸ್ವಾಮಿ," ಎಂದರು ಮದರ್. ಆಮೇಲೆ ಕಾಲುವೆ ಏರಿಯ ಕತೆಯನ್ನು ನಡೆದ ಹಾಗೆ ಹೇಳಿದರು. ಸೆರಗು ಬಿಡಿಸಿಕೊಂಡದ್ದು, ಇರುವೆ, ಎಲ್ಲ.

ಫಾದರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಾಗಾದರೆ ಇದನ್ನು ಹೀಗೆ ಬರೆಸಿದವರು ಯಾರು?"

"ನಾನೇ."

"ಮದರ್, ನಿಮಗೆ ಕಾಣಿಸುವುದಿಲ್ಲ. ಯಾರಾದರೂ..."

"ನಾನೇ ಬರ್ಸಿದ್ದು ಸ್ವಾಮಿ. ಮನೆ ಉಳೀಲಿ ಅಂತ."

ನಾನು ಎದ್ದು ನಿಲ್ಲಬೇಕಿತ್ತು. ಲೂರ್ದಮ್ಮನ ಕೈ ನನ್ನ ಮಂಡಿಯ ಮೇಲಿತ್ತು. ಅದು ಹಿಡಿದು ಕೂರಿಸುತ್ತಿತ್ತೋ, ಆಸರೆ ಹುಡುಕುತ್ತಿತ್ತೋ ಗೊತ್ತಿಲ್ಲ. ನಾನು ಏಳಲಿಲ್ಲ.

ಹೊರಡುವ ಮುಂಚೆ ಫಾದರ್ ಜಗುಲಿಯಲ್ಲಿ ನಿಂತು, ತಮಗೇ ಹೇಳಿಕೊಳ್ಳುವಂತೆ ಲೂರ್ದಮ್ಮನಿಗೆ ಹೇಳಿದರು: "ಗೊತ್ತಿಲ್ಲ ಎಂದಷ್ಟೇ ಬರೆದಿದ್ದರೆ ನಾನು ಇವರ ಪರವಾಗಿ ವಾದಿಸುತ್ತಿದ್ದೆ ಸಿಸ್ಟರ್. ದೊಡ್ಡ ದೊಡ್ಡ ಸಂತರಿಗೂ ಅನುಮಾನ ಬಂದಿದೆ. ಈಗ ಈ ಸುಳ್ಳು ಕಾಗದ ಇಟ್ಟುಕೊಂಡು ನಾನು ಏನು ಹೇಳಲಿ?"

ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಪತ್ರ ಬಂತು. ಸಂಗಡದ ಸಹೋದರಿಯರ ಸಭೆ ಇನ್ನು ಮುಂದೆ ಇರುವುದಿಲ್ಲ. ಸಿಸ್ಟರುಗಳು ದೊಡ್ಡ ಸಭೆಗೆ ಸೇರುತ್ತಾರೆ, ರೋಗಿಗಳನ್ನು ಬೇರೆ ಬೇರೆ ಆಶ್ರಮಗಳಿಗೆ ಕಳಿಸಲಾಗುತ್ತದೆ, ಮದರ್ ಆರೋಗ್ಯಮ್ಮ ಮೈಸೂರಿನ ಕಡೆ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿರುತ್ತಾರೆ. ಪತ್ರವನ್ನು ಮದರ್‌ಗೆ ಓದಿ ಹೇಳಿದವಳು ನಾನೇ. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅವರು ಎದ್ದು, ಗೋಡೆ ತಡವಿಕೊಂಡು ಹೋಗಿ, ಒಂದೊಂದೇ ಮಂಚದ ಬಳಿ ನಿಂತು ಪ್ರತಿಯೊಬ್ಬರ ಕಾಲು ಮುಟ್ಟಿದರು. ಅವತ್ತಿನಿಂದ ಅವರು ಚಾಪೆಲ್ಲಿನೊಳಗೆ ಹೋದದ್ದನ್ನು ನಾನು ನೋಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಕೂತ್ರೂ ಕತ್ಲೆ, ಇಲ್ಲಿ ಕೂತ್ರೂ ಕತ್ಲೆ. ಇಲ್ಲಾದ್ರೆ ಇವ್ರು ಅವ್ರೆ," ಎಂದರು.

ಈಸ್ಟರ್ ಮುಗಿದ ವಾರದಲ್ಲಿ ವ್ಯಾನುಗಳು ಬರತೊಡಗಿದವು. ಬಿಸಿಲಿಗೆ ಬೇವು ಹೂ ಬಿಟ್ಟಿತ್ತು. ಇಬ್ಬರು ವ್ಯಾನು ಬರುವ ಮೊದಲೇ ಸತ್ತರು. ಲೂರ್ದಮ್ಮ ಅವರ ಪಕ್ಕ ಕೂತಿದ್ದರು. ಮಾದಮ್ಮನ ಸರದಿ ಬಂದಾಗ ಅವಳು ಬಾಗಿಲಿಗೆ ಬಂದ ಬಿಳಿ ವ್ಯಾನು ನೋಡಿ ಮುಖ ಅರಳಿಸಿಕೊಂಡು, "ಬಂತಲ್ಲಾ ಯಳಂದೂರ್ ಬಸ್ಸು!" ಎಂದಳು. ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ತಾನೇ ಹತ್ತಿದಳು. ಕಿಟಕಿಯಿಂದ ನಮಗೆಲ್ಲ ಕೈ ಬೀಸಿದಳು. ವ್ಯಾನು ಹೋಗುತ್ತಿದ್ದದ್ದು ಬೆಂಗಳೂರಿನ ಕಡೆಗೆ. ಲೂರ್ದಮ್ಮ ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಹಾಕಿಕೊಂಡರು.

ಕೊನೆಗೆ ಮದರ್ ಹೊರಟರು. ಕಾರಿನಲ್ಲಿ ಅವರನ್ನು ಕೂರಿಸಿ, ಸೀರೆಯ ಅಂಚು ಬಾಗಿಲಿಗೆ ಸಿಕ್ಕದಂತೆ ಒಳಗೆ ಸರಿಸುತ್ತಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು. ಡ್ರೈವರ್ ಇನ್ನೂ ಲಗೇಜು ಕಟ್ಟುತ್ತಿದ್ದ. ಹತ್ತಿರ ಯಾರೂ ಇರಲಿಲ್ಲ.

"ಓದಿದ್ ಕಾಗ್ದ ಒಂದು, ಬೆರಳ್ ಒತ್ಸಿದ್ದು ಒಂದು," ಎಂದರು ಮೆಲ್ಲಗೆ. "ಒಂದ ಬೆಂಚ್ ಮ್ಯಾಲ್ ಇಟ್ಟು ಇನ್ನೊಂದ ತಗ್ದೆಯಲ್ಲ, ಕೇಳುಸ್ತು ಕಣವ್ವಾ."

"ಗೊತ್ತಿದ್ದೂ ಯಾಕ್ ಒತ್ತಿದ್ರಿ ಮದರ್?"

"ನನ್ಗೂ ಮನೆ ಉಳೀಲಿ ಅಂತ ಆಸೆ ಇರ್ನಿಲ್ವಾ? ಕಾಗ್ದ ಸುಳ್ಳು ಯೋಳುದ್ರೆ ಯೋಳ್ಕಳ್ಲಿ ಅಂತ ಒತ್ಬುಟ್ಟೆ. ಆದ್ರೆ ಅವ್ರು ಎದುರ್ಗೆ ಕೂತು ಕೇಳ್ದಾಗ ಬಾಯ್ ಬರ್ನಿಲ್ಲ." ಮಣಿಕಟ್ಟು ಬಿಟ್ಟರು. "ಅವತ್ತೇ ನಿನ್ನ ತಡೀಬೇಕಿತ್ತು. ತಡೀನಿಲ್ಲ. ಮುದ್ಕುನ್ನ ಬುಟ್ಟಂಗೆ ನಿಜಾನ ಬುಟ್ಟು ನೀನೂ ಓಗ್ಬುಟ್ಟೆ, ನಾನೂ ಓಗ್ಬುಟ್ಟೆ."

ಕಾರು ಹೋಯಿತು. ಅವರು ಹೇಳಿದ್ದು ಕ್ಷಮೆಯೇ, ತೀರ್ಪೇ ಎಂದು ನನಗೆ ಇಂದಿಗೂ ತಿಳಿದಿಲ್ಲ.

ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ, ಮದರ್ ತೀರಿಕೊಂಡರೆಂದು ಫೋನು ಬಂತು. ನಾನು ಮೈಸೂರು ಬಸ್ಸು ಹಿಡಿದು, ಕೇಳಿಕೊಂಡು ಹೋಗಿ ತಲುಪುವಷ್ಟರಲ್ಲಿ ಮಣ್ಣು ಹಾಕುತ್ತಿದ್ದರು. ಬೆಳಿಗ್ಗೆ ಎಬ್ಬಿಸಲು ಹೋದವರು ಅವರು ಹೋಗಿರುವುದನ್ನು ನೋಡಿದರಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಲೂರ್ದಮ್ಮ ಕಂದು ಬಣ್ಣದ ಹೊಸ ಉಡುಪಿನಲ್ಲಿದ್ದರು. ಮೊದಲಿಗೆ ಗುರುತೇ ಸಿಗಲಿಲ್ಲ. ಎಲ್ಲೋ ದೂರದ ಹಾಸ್ಟೆಲೊಂದರಲ್ಲಿ ತರಕಾರಿ ಹೆಚ್ಚುವ ಕೆಲಸ ಕೊಟ್ಟಿದ್ದರಂತೆ. ಕೈ ವಾಸಿಯಾಗಿತ್ತು. ಸ್ಮಶಾನದ ಗೇಟಿನ ಪಕ್ಕಕ್ಕೆ ನನ್ನನ್ನು ಕರೆದುಕೊಂಡು ಹೋಗಿ, ಸುತ್ತ ನೋಡಿ ಕೇಳಿದರು:

"ಗೌರವ್ವ, ನಾವು ಮಾಡಿದ್ದು ಅಮ್ಮಂಗೆ ಗೊತ್ತಾಗಿತ್ತಾ?"

ಅವರ ಮುಖ ನೋಡಿದೆ. ಎರಡು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾದವರಂತೆ ಇಳಿದುಹೋಗಿದ್ದರು. ಈ ಒಂದು ಭಾರವನ್ನಾದರೂ ಇಳಿಸೋಣ ಅನ್ನಿಸಿತು. "ಇಲ್ಲ ಸಿಸ್ಟರ್," ಎಂದೆ. "ಅವರಿಗೆ ಕಡೇವರೆಗೂ ಗೊತ್ತಾಗಲಿಲ್ಲ."

ಅವರ ಮುಖದಲ್ಲಿ ಇದ್ದಷ್ಟು ಬೆಳಕೂ ಆರಿಹೋಯಿತು.

"ಗೊತ್ತಾಗಿದೆ ಅಂದ್ಕಂಡಿದ್ದೆ," ಎಂದರು. "ಗೊತ್ತಿದ್ದೂ ನಮ್ ಹೆಸ್ರು ಯೋಳ್ನಿಲ್ಲ, ಕ್ಷಮ್ಸಿಬುಟ್ಟವ್ರೆ ಅಂದ್ಕಂಡಿದ್ದೆ. ಅದುನ್ನೇ ನೆಚ್ಕಂಡು ಇಷ್ಟು ದಿನ ತಳ್ದೆ. ಗೊತ್ತೇ ಇಲ್ಲ ಅಂದ್ರೆ, ಕ್ಷಮ್ಸೋಕೂ ಆಗ್ನಿಲ್ವಲ್ಲ ಅವ್ರಿಗೆ."

"ಸಿಸ್ಟರ್, ಸುಳ್ಳು ಹೇಳಿದೆ. ಅವರಿಗೆ ಗೊತ್ತಿತ್ತು. ಕಾರಿನಲ್ಲಿ ಕೂತಾಗ ಅವರೇ ನನಗೆ ಹೇಳಿದ್ರು. ಕಾಗದದ ಸದ್ದು ಕೇಳಿಸಿತು ಅಂದ್ರು..."

ಲೂರ್ದಮ್ಮ ನನ್ನ ಕೆನ್ನೆ ಮುಟ್ಟಿದರು.

"ಇರ್ಲಿ ಬುಡವ್ವಾ. ನನ್ ಸಮಾಧಾನಕ್ ಯೋಳ್ತಿದ್ದೀಯ. ನೀನು ಚೆನ್ನಾಗ್ ಯೋಳ್ತೀಯ, ನಂಗೊತ್ತು."

ಆಣೆ ಇಟ್ಟೆ. ಅವರು ತಲೆಯಾಡಿಸಿದರು, ಮಗುವಿನ ಮಾತಿಗೆ ಆಡಿಸುವ ಹಾಗೆ. ಒಳಗಿನಿಂದ ಯಾರೋ ಪ್ರಾರ್ಥನೆಗೆ ಕರೆದರು. ಲೂರ್ದಮ್ಮ ಕಂದು ಉಡುಪಿನ ನೆರಿಗೆ ಸರಿಮಾಡಿಕೊಂಡು, ಹಸಿ ಮಣ್ಣಿನ ಮೇಲೆ ಹುಷಾರಾಗಿ ಕಾಲಿಡುತ್ತ ಹೋಗಿ, ತಮಗೆ ಹೆಸರೂ ಗೊತ್ತಿಲ್ಲದ ಸಿಸ್ಟರುಗಳ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತರು.